ಅಳತೆ ತಪ್ಪಿದ ಅಂಗಿ

"ಏ ಹುಡುಗೀ, ಸಾವಕಾಶ... ಬಿದ್ದಿ ನೋಡು!"

ಹೇಳಿ ಮುಗಿಯುವುದರೊಳಗೆ ಹುಡುಗಿ ಬಿದ್ದೇಬಿಟ್ಟಿದ್ದಳು.

ಗಾಡಿಯಿಂದ ಇಳಿಯುತ್ತಿದ್ದ ಪಂಪಾವತಿಯ ಒಂದು ಕಾಲು ನೆಲದ ಮೇಲಿತ್ತು, ಇನ್ನೊಂದು ಗಾಲಿಯ ಮೇಲೆ. ಕುಷ್ಟಗಿಯ ಮುನ್ಸಿಫ್ ಕೋರ್ಟಿನ ಅಂಗಳಕ್ಕೆ ಅವಳಿಗಿಂತ ಮೊದಲೇ ಓಡಿದ್ದ ಮಗಳು ನೀಲವ್ವ ಬೇವಿನ ಬೇರಿಗೆ ಎಡವಿದ್ದಳು. ಕಟ್ಟೆಯ ಮೇಲೆ ಗಾಡಿಗೆ ಬೆನ್ನು ಮಾಡಿ ಕುಳಿತು ಹಾಗೆ ಕೂಗಿದ ಯಾರೋ ಒಬ್ಬ ಗಂಡಸು ಅವಳನ್ನು ಎತ್ತಿ ನಿಲ್ಲಿಸಿ, ಮೊಣಕಾಲಿನ ಮಣ್ಣು ಒರೆಸುತ್ತಿದ್ದ.

"ಅಳಬ್ಯಾಡವ್ವಾ. ತಪ್ಪು ನಿಂದಲ್ಲ, ಬೇರಿಂದು. ಸಾಹೇಬರ ಮುಂದ ಅದರ ಮ್ಯಾಲೆ ಫಿರ್ಯಾದಿ ಕೊಡೂಣು?"

ನೀಲವ್ವ ಅಳುವುದನ್ನು ಅರ್ಧಕ್ಕೇ ನಿಲ್ಲಿಸಿದಳು. "ಬೇರಿಗೆ ಶಿಕ್ಷಾ ಆಗ್ತೈತೇನು?"

"ಆಗ್ಲಾರದೇನು! ಜಲ್ಮಪೂರ್ತಿ ಇಲ್ಲೇ ಬಿದ್ದಿರಬೇಕು, ಎಲ್ಲೂ ಹೋಗೂ ಹಂಗಿಲ್ಲ."

ಹುಡುಗಿ ಕಿಲಕಿಲ ನಕ್ಕಳು. ಪಂಪಾವತಿಯ ಕಾಲು ಮಾತ್ರ ಗಾಲಿಯ ಮೇಲೆಯೇ ಉಳಿಯಿತು.

ಆ ದನಿ...! ನಗಿಸುವಾಗಲೂ ತಾನು ನಗದ ಆ ದನಿ... ನಾಲ್ಕು ವರ್ಷದಿಂದ ಕಿವಿಯಲ್ಲಿ ಇಲ್ಲ ಅಂದುಕೊಂಡಿದ್ದೆ. ಇತ್ತಲ್ಲ!

"ಎಷ್ಟುದ್ದ ಕೂದಲ ನಿನ್ನವು! ಯಾರ ಮಗಳವ್ವಾ ನೀ?"

"ನಮ್ಮವ್ವನ ಮಗಳು."

"ಮತ್ತ ನಿಮ್ಮಪ್ಪ?"

"ಅಪ್ಪ ಕಾಗದದಾಗ ಅದಾನ."

ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವನ ಕೈ ಹುಡುಗಿಯ ಅಂಗಿಯ ಅಂಚಿಗೆ ತಾಕಿತು, ಅಲ್ಲಿಯೇ ನಿಂತಿತು.

ಹಸಿರು ನೆಲ, ಕೆಂಪು ಚುಕ್ಕಿ. ಕೊಪ್ಪಳದ ಪೇಟೆಯಲ್ಲಿ ತಾನೇ ಆರಿಸಿ, ತಾನೇ ನಿಂತು ಹೊಲಿಸಿದ ಅರಿವೆ. ಆದರೆ ಅವನು ಹೊಲಿಸಿದ ಅಂಗಿ ಗೇಣುದ್ದದ್ದು. ಇದರ ಎರಡೂ ಪಕ್ಕಕ್ಕೆ ಹಳೆಯ ಖಣದ ಪಟ್ಟಿ ಕೂಡಿಸಿತ್ತು. ಕೆಳಗೆ ಇಳಕಲ್ ಸೀರೆಯ ಅಂಚನ್ನು ಹಚ್ಚಿ ಉದ್ದ ಮಾಡಿತ್ತು. ಆ ಸೀರೆಯನ್ನೂ ಅವನು ಬಲ್ಲ. ಮದುವೆಯಲ್ಲಿ ಅವನೇ ಉಡಿಸಿದ್ದು.

ಕೊಟ್ರಪ್ಪ ನಿಧಾನವಾಗಿ ತಲೆಯೆತ್ತಿದ. ಕಣ್ಣುಗಳು ಕೂಡಿದವು.

"ನೀಲಾ! ಇಲ್ಲಿ ಬಾ!"

ಪಂಪಾವತಿ ಓಡಿ ಬಂದು ಮಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಅವನು ಕೈ ಹಿಂದೆಗೆದ.

"ಇಷ್ಟು... ಇಷ್ಟು ದೊಡ್ಡಾಕಿ ಆಗ್ಯಾಳ?" ಅಂದ. ಅದು ಅವಳಿಗೆ ಹೇಳಿದ್ದೋ, ಬೇವಿನ ಗಿಡಕ್ಕೆ ಹೇಳಿದ್ದೋ ಗೊತ್ತಾಗಲಿಲ್ಲ.

ಪಂಪಾವತಿ ಮುಖ ತಿರುಗಿಸಿದಳು. ಮಗಳನ್ನು ಕಸಿಯಲು ಬಂದವನಿಗೆ ಎಂಥ ಉತ್ತರ!

* * *

ಇವರಿಬ್ಬರ ಜಗಳ ಏನು ಅಂತ ಯಾರಾದರೂ ಕೇಳಿದರೆ ಹೇಳುವುದು ಕಷ್ಟ. ಯಾಕೆಂದರೆ ಇವರಿಬ್ಬರೂ ಜಗಳವಾಡಿಯೇ ಇರಲಿಲ್ಲ!

ಯಲಬುರ್ಗಿಯ ಪಂಪಾವತಿ, ಕುಷ್ಟಗಿಯ ಕಾಳಿನ ವ್ಯಾಪಾರಿ ಕೊಟ್ರಪ್ಪನ ಹೆಂಡತಿ. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು, ಹೆಣ್ಣು ಹೆತ್ತಳು. ಐದನೆಯ ತಿಂಗಳಿಗೆ ಬಾಣಂತಿ ಗಂಡನ ಮನೆಗೆ ಹೋಗಬೇಕು. ಗಂಡನ ಕಡೆಯವರು ಬುತ್ತಿ ಹೊತ್ತು ಕರೆಯಲು ಬರಬೇಕು, ತವರಿನವರು ತೊಟ್ಟಿಲು ಕೊಟ್ಟು ಕಳಿಸಬೇಕು. ಸರಿ. ಮೊದಲು ಯಾವುದು?

"ಹೆಣ್ಣು ಕೊಟ್ಟವರು ನಾವು! ಐದು ಮಂದಿ ಮುತ್ತೈದೇರು ಬುತ್ತಿ ಹೊತ್ತು ನಮ್ಮೂರ ಅಗಸಿ ಬಾಗಿಲಿಗೆ ಬರಲಿ, ಆಮ್ಯಾಲೆ ತೊಟ್ಟಿಲ!" ಎಂದು ಮೀಸೆ ಮೇಲೆ ಕೈಯಿಟ್ಟು ಪಂಪಾವತಿಯ ಅಪ್ಪ ಗುಡುಗಿದ.

"ಮೊದ್ಲು ತೊಟ್ಲ ಬರ್ಲಿ... ತೊಟ್ಲ ಬರ್ದ ಬುತ್ತಿ ಹ್ಯಾಂಗ ಹೊಂಡ್ತೈತಿ..." ಎಂದು ತಂಬಾಕು ದವಡೆಗಿಟ್ಟುಕೊಂಡು ಮೂಗಿನಲ್ಲಿ ರಾಗ ಎಳೆದವನು ತಾವರಗೇರಿಯ ದೇವೇಂದ್ರಪ್ಪ. ಅವನು ಕೊಟ್ರಪ್ಪನ ದೊಡ್ಡಪ್ಪ, ತಂದೆಯಿಲ್ಲದ ಆ ಮನೆಗೆ ಹಿರಿಯ.

ಬುತ್ತಿ ಬಂದರೆ ತೊಟ್ಟಿಲು. ತೊಟ್ಟಿಲು ಬಂದರೆ ಬುತ್ತಿ. ಹೀಗೆ ಎರಡೂ ಮನೆ ಒಂದನ್ನೊಂದು ಕಾಯುವಷ್ಟರಲ್ಲಿ ಕೂಸು ತೊಟ್ಟಿಲು ಬಿಟ್ಟು ಅಂಬೆಗಾಲು ಹಾಕಿತು! ಕರೆಯಲು ಯಾರೂ ಬರಲಿಲ್ಲ. ಕರಾರು ಮಾತ್ರ ಬಂತು.

ಪಂಚರು ಕೂಡಿದರು, ಬರೆಸಿದರು. ಗಂಡಹೆಂಡತಿ ಬೇರೆ ಇರತಕ್ಕದ್ದು. ಹುಡುಗಿ ಐದು ವರ್ಷ ತುಂಬುವ ತನಕ ತಾಯಿಯ ಹತ್ತಿರ. ಅಲ್ಲಿಯವರೆಗೆ ತಂದೆ ಪ್ರತಿ ಸುಗ್ಗಿಗೆ ಎರಡು ಚೀಲ ಜೋಳ, ಒಂದು ಹೊಸ ಅಂಗಿ ಕೊಡತಕ್ಕದ್ದು. ಐದು ತುಂಬಿದ ಮೇಲೆ ಹುಡುಗಿ ತಂದೆಯ ಮನೆಗೆ ಸೇರತಕ್ಕದ್ದು.

ಅವನು ಗಂಡಸರ ನಡುವೆ ತಲೆ ತಗ್ಗಿಸಿ ಸಹಿ ಮಾಡಿದ. ಅವಳು ಬಾಗಿಲ ಹಿಂದೆ ನಿಂತು ಹೆಬ್ಬೆಟ್ಟು ಒತ್ತಿದಳು. ಇಬ್ಬರನ್ನೂ ಯಾರೂ ಏನೂ ಕೇಳಲಿಲ್ಲ. ಎರಡೂ ಮನೆತನದ ಮಾನ ಉಳಿಯಿತು. ಉಳಿಯದೆ ಹೋದದ್ದು ಒಂದು ಮನೆ, ಅಷ್ಟೇ.

ಸುಗ್ಗಿ ತಪ್ಪಿದರೂ ಅವನ ಚೀಲ ತಪ್ಪಲಿಲ್ಲ. ಪ್ರತಿ ವರ್ಷ ಗಾಡಿ ಹೊಡೆಯುವ ರಸೂಲಸಾಬ ಬಂದು ಚೀಲ ಇಳಿಸಿ, ಮೇಲೆ ಕಾಗದದಲ್ಲಿ ಸುತ್ತಿದ ಅಂಗಿ ಇಟ್ಟು ಹೋಗುತ್ತಿದ್ದ. ಮೊದಲ ವರ್ಷದ್ದು ಕೂಸಿಗೆ ದೊಡ್ಡದಾಯಿತು. ಎರಡನೆಯದು ಸರಿ ಕೂತಿತು. ಮೂರನೆಯದು ಬಿಗಿಯಾಯಿತು. ನಾಲ್ಕನೆಯದು ತೋಳೇ ಏರಲಿಲ್ಲ!

ಒಂದು ಹಿಡಿ ಜೋಳ ಎತ್ತಿ ತೂಕ ಹೇಳುವ ಮನುಷ್ಯ... ಮಗಳು ಬೆಳೀತಾಳ ಅನ್ನೂದು ತಿಳೀದೇನು? ಕೇಳಬೇಕು ಅಂತ ಸುದ್ದಾ ಅನಿಸಲಿಲ್ಲೇನು?

ಹೀಗೆ ಬೈದುಕೊಳ್ಳುತ್ತಲೇ ಅವಳು ತನ್ನ ಮದುವೆಯ ಸೀರೆ ಹರಿದು ಆ ಅಂಗಿಗೆ ಅಂಚು ಹಚ್ಚಿದ್ದಳು.

ಈಗ ಯುಗಾದಿಗೆ ನೀಲವ್ವನಿಗೆ ಐದು ತುಂಬುತ್ತದೆ. ಉಳಿದದ್ದು ಹದಿನೈದು ದಿನ. ಅಷ್ಟರಲ್ಲೇ ಕೋರ್ಟಿನ ನೋಟೀಸು ಬಂದಿತ್ತು: ಕೊಟ್ರಪ್ಪ ಅರ್ಜಿ ಹಾಕಿದ್ದಾನೆ, ಅಪ್ರಾಪ್ತ ಹುಡುಗಿಯ ಪಾಲನೆಯ ವಿಷಯ, ಹುಡುಗಿಯನ್ನು ಕರೆದುಕೊಂಡು ಹಾಜರಾಗಬೇಕು. ಇದಕ್ಕಿಂತ ಹೆಚ್ಚು ಅದರಲ್ಲಿ ಇರಲಿಲ್ಲ. ಹೆಚ್ಚಿಗೆ ಇನ್ನೇನು ಬೇಕು? ತಂದೆ ಕೋರ್ಟಿಗೆ ಹೋಗುವುದು ಮಗುವನ್ನು ಕಸಿಯಲು ಅಲ್ಲದೆ ಮತ್ಯಾಕೆ?

"ಹೆದರಬ್ಯಾಡ, ತಂಗಿ." ಗಾಡಿಯಿಂದ ಇಳಿದ ಅಣ್ಣ ಕರಿಬಸಪ್ಪ ಅವಳ ಪಕ್ಕಕ್ಕೆ ಬಂದು ಪಿಸುಗುಟ್ಟಿದ. ಅಪ್ಪ ತೀರಿಕೊಂಡ ಮೇಲೆ ಅವನೇ ಅವಳಿಗೆ ಆಸರೆ. "ಹುಕುಂ ಉಲ್ಟಾ ಆತಂದ್ರ ಗಾಡಿ ಸೀದಾ ಕೊಪ್ಪಳ ಟೇಶನ್ನಿಗೆ. ರೈಲು ಹತ್ತಿದ್ರ ಗದಗ. ಅಲ್ಲಿ ಇಂಗ್ರೇಜರ ರಾಜ್ಯ. ನಿಜಾಮರ ಕಾಗದ ಅಲ್ಲಿ ಚುನಮುರಿ ಕಟ್ಟಾಕ ಅಷ್ಟ ಬರ್ತೈತಿ."

ಗಾಡಿಯಲ್ಲಿ ಬಟ್ಟೆಯ ಗಂಟು ಸಿದ್ಧವಿತ್ತು. ಹುಟ್ಟಿದೂರು ಬಿಟ್ಟು ಕದ್ದು ಓಡಲು ಪಂಪಾವತಿಯೇ ರಾತ್ರಿಯೆಲ್ಲ ಕಟ್ಟಿದ ಗಂಟು.

"ಮುಸಮ್ಮಾತ್ ಪಂಪಾವತಿ... ಹಾಜಿರ್ ಹೈಽಽಽ!"

ಚಪರಾಸಿ ಕೂಗಿದ್ದು ಅಂಗಳದಲ್ಲಿ ನಿಂತವಳಿಗಲ್ಲ, ಗಂಗಾವತಿಯಲ್ಲಿ ಮಲಗಿದವನೂ ಏಳಬೇಕು, ಹಾಗೆ.

* * *

ಮುನ್ಸಿಫ್ ಸಾಹೇಬರು ಹೈದರಾಬಾದಿನವರು. ಏಳು ವರ್ಷ ಈ ಕಡೆ ತಿರುಗಿ ಕನ್ನಡ ಕಲಿತಿದ್ದರು. ಅವರ ಕನ್ನಡ ಹೊಸ ಕುದುರೆಯಂತೆ. ಓಡುತ್ತಿತ್ತು, ನಡುನಡುವೆ ನಿಂತು ಉರ್ದು ಮೇಯುತ್ತಿತ್ತು.

"ದೇಖೋ ಅಮ್ಮಾ. ಕರಾರನಾಮಾ ನೋಡಿದೀವಿ. ಐದು ವರ್ಷದ ಮ್ಯಾಲೆ ಲಡಕಿ ತಂದಿ ಮನಿಗೆ, ಅಂತ ಸಾಫ್ ಬರದದ. ಕಾನೂನು ಸುದ್ದಾ ಅದೇ ಹೇಳ್ತದ. ತಂದೀನೇ ವಾಲಿ, ಪಾಲಕ. ಹಕ್ಕು ಇವರದು. ಇವರು ಯುಗಾದಿ ದಿನಾನೇ ಕರಕೊಂಡು ಹೋಗ್ತೀನಿ ಅಂದ್ರ, ನಾನು ಬ್ಯಾಡ ಅನ್ನಾಕ ಬರೋದಿಲ್ಲ."

ಪಂಪಾವತಿ ಮಗಳ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ನೀಲವ್ವ "ಯವ್ವಾ, ನೋಯ್ತೈತಿ" ಎಂದಳು.

"ಆದ್ರ..." ಸಾಹೇಬರು ಕನ್ನಡಕ ತೆಗೆದರು. "ಕೊಟ್ರಪ್ಪಾ, ನಿಮ್ಮ ಅರ್ಜಿ ಮೂರು ಸಲ ಓದಿದೆ. ನನ್ನ ಕಣ್ಣಿಗೆ ಏನಾರ ಆಗ್ಯದ ಅಂತ ಮಾಡಿದ್ದೆ. ನೀವೇ ಬಾಯಿಬಿಟ್ಟು ಹೇಳ್ರಿ."

ಕೊಟ್ರಪ್ಪ ಎದ್ದು ನಿಂತ. ರುಮಾಲು ಸರಿಪಡಿಸಿಕೊಂಡ.

"ನನಗ ಆ ಹಕ್ಕು ಬ್ಯಾಡ್ರಿ, ಸಾಹೇಬರ."

ಕೋರ್ಟಿನಲ್ಲಿ ಪಂಖಾ ಎಳೆಯುವವನೂ ಒಂದು ಗಳಿಗೆ ಎಳೆಯುವುದನ್ನು ಮರೆತ.

"ತಂದಿ ಮನಿಗೆ ಅಂತ ಬರದಾರ್ರಿ, ತಂದಿಗೆ ಅಂತ ಬರದಿಲ್ಲ. ನಾ ಸತ್ರೂ, ಇದ್ರೂ, ಆ ಕಾಗದ ತೋರ್ಸಿ ನಮ್ಮ ದೊಡ್ಡಪ್ಪ ಕೂಸಿನ್ನ ಎಳಕೊಂಡು ಬರ್ತಾನ. ತನ್ನ ಮಗಳ ಮಗನಿಗೆ ಆಕೀನ್ನ ತರೂದಂತ ಈಗಲೇ ಮಾತು ಕೊಟ್ಟು ಕುಂತಾನ. ಆ ಸಾಲು ಹೊಡದು ಹಾಕ್ರಿ. ಹುಡುಗಿ ತಾಯಿ ಹತ್ರಾನೇ ಇರ್ಲಿ. ಎಲ್ಲಿ ತನಕ ಅಂದ್ರ... ಆಕೀಗೆ ಬೇಕಾದಷ್ಟು ದಿನ."

"ಮತ್ತ ಜೋಳ? ಕಪಡಾ? ಐದು ವರ್ಷ ಅಷ್ಟೇ ಅಂತ ಅದ ಇದರಾಗ."

"ಅದನ್ನೂ ಹೊಡದು ಹಾಕ್ರಿ. ಮದಿವಿ ಆಗೂ ತನಕ ಅಂತ ಬರೀರಿ. ಹಕ್ಕು ಬಿಡ್ತೀನ್ರಿ ನಾ. ಜವಾಬ್ದಾರಿ ಬಿಡಂಗಿಲ್ಲ."

ಸಾಹೇಬರು ಮೆಲ್ಲಗೆ ನಕ್ಕರು. "ಇಪ್ಪತ್ತು ವರ್ಷ ಕುರ್ಚಿ ಮ್ಯಾಲೆ ಕುಂತೀನಿ. ಹಕ್ಕು ಕೇಳಾಕ ಬರ್ತಾರ. ಬಿಡಾಕ ಬಂದಾವ್ರನ್ನ ಇವತ್ತೇ ನೋಡಿದ್ದು. ಇನ್ನೂ ಒಂದು ಬರದೀರಲ್ಲ, ಕಡೀಗೆ?"

ಕೊಟ್ರಪ್ಪ ನೆಲ ನೋಡಿದ. "ಹುಡುಗಿ ಜವಳ ಆಗಿದ್ದರ ಬಿಡ್ರಿ. ಆಗಿಲ್ಲಂದ್ರ... ಒಂದು ಸಲ ನನ್ನ ತೊಡಿ ಮ್ಯಾಲೆ ಕುಂದ್ರಿಸಿ ಮಾಡ್ಲಿ. ಅಷ್ಟ. ಆಮ್ಯಾಲೆ ನಾ ಯಾರ ಬಾಗಿಲಿಗೂ ಬರಂಗಿಲ್ಲ."

ಹುಟ್ಟುಗೂದಲು ತೆಗೆಯುವ ಶಾಸ್ತ್ರಕ್ಕೆ ಜವಳ ಎನ್ನುತ್ತಾರೆ. ಎರಡೂ ಮನೆಗಳ ಪದ್ಧತಿ ಒಂದೇ: ತೊಡೆ ತಂದೆಯದು, ಕತ್ತರಿ ಸೋದರಮಾವನದು. ಒಂದು ವರ್ಷಕ್ಕೆ, ಮೂರಕ್ಕೆ, ತಪ್ಪಿದರೆ ಐದಕ್ಕೆ. ಐದು ದಾಟಿದರೆ ಇಲ್ಲ.

ಸಾಹೇಬರ ಕಣ್ಣು ನೀಲವ್ವನ ತಲೆಯ ಕಡೆ ಹೊರಳಿತು. ಸೊಂಟ ಮುಟ್ಟುವ, ಕತ್ತರಿ ಕಾಣದ ಕೂದಲು.

"ಯಾಕಮ್ಮಾ, ಇನ್ನೂ ಮಾಡಿಲ್ಲ?"

"ಎಲ್ಲಮ್ಮನ ಹರಕಿ ಐತ್ರಿ, ಸಾಹೇಬರ," ಎಂದು ಕರಿಬಸಪ್ಪ ನಡುವೆ ಬಾಯಿ ಹಾಕಿದ. "ವರ್ಷ ವರ್ಷ ನಾನೇ ತೊಡಿ ಮ್ಯಾಲೆ ಕುಂದ್ರಿಸ್ಕೊಂಡು ತೆಗಿಸ್ತೀನಿ ಅಂದೆ. ಕನಸಿನ್ಯಾಗ ದೇವಿ ಬಂದು ಬ್ಯಾಡ ಅಂದಾಳಂತ..."

"ಇಲ್ಲಣ್ಣಾ."

ಅವಳ ದನಿ ಅವಳಿಗೇ ಬೇರೆಯಾಗಿ ಕೇಳಿತು. ಇಡೀ ಕೋರ್ಟು ಅವಳ ಕಡೆ ತಿರುಗಿತು. ಸೆರಗು ಹಣೆಯ ಮೇಲೆ ಎಳೆದುಕೊಂಡಳು, ಮಾತನ್ನು ಮಾತ್ರ ಎಳೆದುಕೊಳ್ಳಲಿಲ್ಲ.

"ಯಾವ ಹರಕೀನೂ ಇಲ್ಲ. ಸುಳ್ಳು ಹೇಳಿದ್ದೆ. ದೇವಿ ಬಂದಿಲ್ಲ, ಕನಸೂ ಬಿದ್ದಿಲ್ಲ. ನೀ ಕುಂತರ... ಆ ಜಾಗ ಹೋಗಿಬಿಡ್ತೈತಿ ಅಂತ ತೆಗಿಸಿಲ್ಲ."

"ಯಾವ ಜಾಗ?" ಸಾಹೇಬರು ಕೇಳಿದರು.

"ತಂದೀದ್ರಿ."

ಕೊಟ್ರಪ್ಪ ತಲೆಯೆತ್ತಿದ. ರುಮಾಲಿನ ತುದಿಯಿಂದ ಮುಖ ಒರೆಸಿಕೊಂಡ. ಬೆವರು ಅಂತ ಎಲ್ಲರೂ ತಿಳಿಯಲಿ ಎಂಬ ಹಾಗೆ ಕುತ್ತಿಗೆಯನ್ನೂ ಒರೆಸಿಕೊಂಡ.

ಸಾಹೇಬರು ಕನ್ನಡಕ ಏರಿಸಿ ಬರೆಯಲು ಶುರು ಮಾಡಿದರು. ಹಳೆಯ ಸಾಲು ಹೊಡೆದು ಹೊಸ ಸಾಲು ಬಂತು. ಮುಂದಿನದಕ್ಕೆ ಲೇಖಣಿ ನಿಲ್ಲಿಸಿ, "ಜವಳದ ಹುಕುಂ ನಾನು ಬರೆಯೋದಿಲ್ಲ," ಎಂದರು. "ಅದಕ್ಕ ಕೋರ್ಟು ಬೇಕಾಗಿಲ್ಲ."

* * *

ಬೇವಿನ ನೆರಳಿನಲ್ಲಿ ಇಬ್ಬರೂ ನಿಂತರು. ಕರಿಬಸಪ್ಪ ಒಂದು ಸಲ ಕೆಮ್ಮಿ, ಒಂದು ಸಲ ಆಕಾಶ ನೋಡಿ, "ಇವತ್ತ ಸೋಮವಾರ... ಇನ್ನೇನು ಮುಹೂರ್ತ ಕೇಳೂದು. ಕ್ಷೌರದ ಹನಮಪ್ಪ ಸಂತಿ ಗಿಡದ ಕೆಳಗ ಕುಂತಿರ್ತಾನ, ಕತ್ತರಿ ತರ್ತೀನಿ," ಎಂದು ಹೊರಟ. ನೀಲವ್ವ ತನ್ನನ್ನು ಕೆಡವಿದ ಬೇರಿಗೆ ಒದೆಯುತ್ತ ನಿಂತಳು.

"ಅತ್ತಿ ಹೆಂಗದಾರ?" ಪಂಪಾವತಿಯೇ ಮೊದಲು ಕೇಳಿದಳು.

"ಹೋಗಿ ವರ್ಷಾತು. ಹೋಗೂ ಮುಂದ ಕೇಳಿದ್ಲು... ತೊಟ್ಟಿಲ ಬಂತೇನು ಅಂತ."

ಪಂಪಾವತಿಗೆ ನಗು ಬಂತು, ನಗುವಿನ ಹಿಂದೆಯೇ ಕಣ್ಣೀರು ಬಂತು. ಅತ್ತೆ ಪಾರ್ವತೆಮ್ಮ ಕೆಟ್ಟವಳಲ್ಲ. ಬಸುರಿನಲ್ಲಿ ಹುಣಸೆ ಚಿಗುರು ಬೇಡಿದಾಗ ತಾನೇ ಹೋಗಿ ತಂದಿದ್ದಳು.

"ಒಂದು ಹೇಳ್ಲೇನು, ಪಂಪಾ? ನಾ ಒಮ್ಮಿ ಬಂದಿದ್ದೆ. ಕರಾರು ಆಗೂಕಿಂತ ಮೊದ್ಲ, ನಿಮ್ಮೂರ ಅಗಸಿ ತನಕ. ದೊಡ್ಡಪ್ಪಗ, ಅವ್ವಗ ಯಾರಿಗೂ ಹೇಳ್ದ. ಮಾವ ಬಂದು ಐದು ಮಂದಿ ಎಲ್ಲದಾರ ಅಂದ್ರು. ತಿರುಗಿ ನೋಡಿದೆ... ಹಿಂದ ನನ್ನ ನೆಳ್ಳ ಬಿಟ್ಟು ಯಾರೂ ಇರಲಿಲ್ಲ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

ಹೇಳಲೋ ಬೇಡವೋ... ಹೇಳಿದರೆ ಇವನು ಕ್ಷಮಿಸುತ್ತಾನೋ ಇಲ್ಲವೋ... ಹೇಳದೆ ನಾಲ್ಕು ವರ್ಷ ಇದೊಂದೇ ಮಾತು ಬೀಸಿದ್ದೇನಲ್ಲ, ಜೋಳದ ಜೊತೆ!

"ನನಗ ಗೊತ್ತಿತ್ರಿ."

"ಮಾವ ಹೇಳಿದ್ರೇನು?"

"ಇಲ್ಲ. ನಾನೇ ನೋಡಿದ್ದೆ. ಮಾಳಿಗಿ ಮ್ಯಾಲೆ ಶಾವಿಗಿ ಒಣ ಹಾಕಿದ್ದೆ. ಅಗಸಿ ಕಟ್ಟಿ ಮ್ಯಾಲೆ ನೀವು... ಹೊತ್ತು ಮುಣಗೂ ತನಕ ಕುಂತಿದ್ರಿ."

ಅವನು ರುಮಾಲು ತೆಗೆದು ಕೈಯಲ್ಲಿ ಹಿಡಿದ.

"ಒಳಗ ಬಂದು ನನ್ನ ಹೆಸರು ಹಿಡಿದು ಕರೀಲಿ, ಆಗ ಹೋಗ್ತೀನಿ ಅಂದೆ. ನನ್ನ ಸೊಕ್ಕು. ನೀವು ಎದ್ದು ಹೋಗೂದೂ ನೋಡಿದೆ. ಹತ್ತು ಪಾವಟಿಗಿ ಇತ್ತರಿ ಮಾಳಿಗೀಗೆ. ಹತ್ತ! ಇಳೀಲಿಲ್ಲ ನಾ..."

ಮುಂದಿನದು ಬಿಕ್ಕಿನಲ್ಲಿ ಹೋಯಿತು. ಅಪ್ಪನನ್ನು, ದೊಡ್ಡಪ್ಪನನ್ನು, ಬುತ್ತಿಯನ್ನು, ತೊಟ್ಟಿಲನ್ನು ಬೈದು ಬೈದು ಅವಳು ಇಷ್ಟು ವರ್ಷ ಮುಚ್ಚಿಟ್ಟದ್ದು ಆ ಹತ್ತು ಮೆಟ್ಟಿಲನ್ನೇ.

"ನಾನೂ ಒಂದು ಕೂಗು ಕೂಗಲಿಲ್ಲಲ್ಲ," ಎಂದ ಕೊಟ್ರಪ್ಪ. "ಸಂತ್ಯಾಗ ಇಡೀ ಪೇಟಿಗೆ ಕೇಳೂ ಹಂಗ ಜೋಳದ ದರ ಕೂಗ್ತೀನಿ. ಅವತ್ತ ಪಂಪಾ ಅನ್ನಾಕ ದನೀನೇ ಬರ್ಲಿಲ್ಲ."

ಗಾಳಿಗೆ ಬೇವಿನ ಹೂವು ಉದುರಿತು. ಯಾರ ತಪ್ಪು ಎಷ್ಟು ಅಂತ ಅಳೆಯಲು ಇಬ್ಬರೂ ಹೋಗಲಿಲ್ಲ. ಕಳೆದ ದಿನಗಳಂತೂ ಯಾರ ಪಾಲಿಗೂ ತಿರುಗಿ ಬರುವುದಿಲ್ಲ. ಮಗಳ ಮೊದಲ ಹೆಜ್ಜೆ, ಮೊದಲ ತೊದಲು, ಮೂಡಿದ ಹಾಲುಹಲ್ಲು... ಅವನು ನೋಡದೆ ಹೋದದ್ದೆಲ್ಲ ಯಲಬುರ್ಗಿಯ ಅಂಗಳದಲ್ಲಿ ಮುಗಿದುಹೋಗಿತ್ತು.

"ಅಂಗಿ ಯಾಕ ಸಣ್ಣವು ತರ್ತಿದ್ರಿ?" ಅವಳು ಮೂಗು ಒರೆಸಿಕೊಂಡು ಕೇಳಿದಳು.

"ರಸೂಲಸಾಬನ್ನ ಕೇಳ್ತಿದ್ದೆ, ಎಷ್ಟೆತ್ತರ ಆಗ್ಯಾಳ ಅಂತ. ಆತ ಆರಡಿ ಆಳು, ಗಾಡಿ ಮ್ಯಾಲೆ ನಿಂತು ನೋಡಾಂವ. 'ಇಷ್ಟ ಅದಾಳ್ರೀ ಧಣೀ' ಅಂತ ಮೊಳಕಾಲ ತೋರಿಸ್ತಿದ್ದ. ಅದೂ ಖರೇನ. ಅದರ ಮ್ಯಾಲೆ..." ಅವನು ತಡೆದ. "ನನ್ನ ಕಣ್ಣಾಗ ಆಕೀ ಇನ್ನಾ ಕೂಸ ಇದ್ಲು, ಪಂಪಾ. ತೊಟ್ಟಿಲದಾಗ ನೋಡಿದ್ದ ಕಡೀದು."

ಕರಿಬಸಪ್ಪ ಕತ್ತರಿ ಹಿಡಿದು, ಹಿಂದೆ ಹನಮಪ್ಪನನ್ನೂ ಹೊರಡಿಸಿಕೊಂಡು ಬಂದ. ಕೊಟ್ರಪ್ಪ ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ. ನೀಲವ್ವ ತಾಯಿಯ ಮುಖ ನೋಡಿದಳು, ಅವನ ಮುಖ ನೋಡಿದಳು.

"ಯವ್ವಾ, ಕಾಗದದಾಗಿನ ಅಪ್ಪ ಇವನ ಏನು?"

"ಹೂಂ, ನನ್ನ ಬಂಗಾರ. ಕಾಗದದಿಂದ ಹೊರಗ ಬಂದಾನ."

ಹುಡುಗಿ ವಿಚಾರ ಮಾಡಿದಳು. ಆಮೇಲೆ ಬಂದು ಆ ತೊಡೆಯ ಮೇಲೆ ಕುಳಿತಳು, ಅಲ್ಲಾಡಿ ಅಲ್ಲಾಡಿ ಜಾಗ ಮಾಡಿಕೊಂಡಳು. ಕೊಟ್ರಪ್ಪನ ಎರಡೂ ಕೈ ಗಾಳಿಯಲ್ಲಿಯೇ ಉಳಿದವು. ಎಲ್ಲಿ ಹಿಡಿಯಬೇಕೆಂದು ಗೊತ್ತಾಗಲಿಲ್ಲ. ಪಂಪಾವತಿ ಬಾಗಿ, ಆ ಕೈಗಳನ್ನು ಹಿಡಿದು ಮಗಳ ಸುತ್ತ ಇಟ್ಟಳು.

ಸೋದರಮಾವ ಮೊದಲ ಎಳೆ ಕತ್ತರಿಸಿದ. ಐದು ವರ್ಷದ ಕೂದಲು ಪಂಪಾವತಿ ಒಡ್ಡಿದ ಸೆರಗಿನಲ್ಲಿ ಬಿತ್ತು.

ಜವಳ ಮುಗಿದಾಗ ಬೋಳು ತಲೆಯನ್ನು ಸವರಿ ಸವರಿ ನಗುತ್ತಿದ್ದಳು ನೀಲವ್ವ. ಕೊಟ್ರಪ್ಪ ಎದ್ದು ರುಮಾಲು ಸುತ್ತಿಕೊಂಡ. ಕೊಟ್ಟ ಮಾತಿನಂತೆ ಹೊರಡಲು ಸಿದ್ಧನಾದ.

"ಹಂಗಂದ್ರ... ಬರ್ತೀನಿ. ಕರೀಬೇಕಂದ್ರ ನನ್ನ ಮನ್ಯಾಗ ಈಗ ಐದು ಮಂದಿ ಮುತ್ತೈದೇರಿಲ್ಲ. ಒಬ್ಬಾಕೀನೂ ಇಲ್ಲ."

ಪಂಪಾವತಿ ತಿರುಗಿ ಗಾಡಿಯ ಕಡೆ ನಡೆದಳು. ಅವನ ಮುಖ ಬಾಡಿತು. ಅವಳು ಗದಗಿಗೆಂದು ಕಟ್ಟಿದ್ದ ಗಂಟನ್ನು ಇಳಿಸಿದಳು, ತಂದು ಅವನ ಕೈಯಲ್ಲಿ ಇಟ್ಟಳು.

"ಹಿಡೀರಿ. ಭಾರ ಐತಿ."

ಅವನು ಗಂಟನ್ನು ನೋಡಿದ, ಅವಳನ್ನು ನೋಡಿದ. ನಂಬಿಕೆ ಬರಲಿಲ್ಲ. ದೊಡ್ಡ ಮಾತು ಏನೂ ಹೊಳೆಯದೆ, ಸಣ್ಣದೊಂದನ್ನು ಹಿಡಿದುಕೊಂಡ.

"ಮುಂದಿನ ಸುಗ್ಗೀಗೆ ಅಂಗಿ... ಯಾವ ಅಳತೀದು ಹೊಲಿಸ್ಲಿ, ಪಂಪಾ?"

"ಮನ್ಯಾಗ ಇರ್ತಾಳಲ್ರಿ," ಅಂದಳು ಅವಳು. "ದಿನಾ ಹಿಡಿದು ಅಳೀರಿ."